ಲಾಲಾರಸದ ಅಳತೆ: ರಾಯಚೂರಿನ ದಂತವೈದ್ಯನ ಅನುಭವ

ರಾಯಚೂರಿನಲ್ಲಿ ದಂತವೈದ್ಯನಾಗಿರುವ ನಾನು, ಬಾಯಿ ಒಣಗುತ್ತದೆಂದು ಬರುವವರ ಲಾಲಾರಸವನ್ನು ಅಳೆದ ನಂತರವೇ ಚಿಕಿತ್ಸೆ ಆರಂಭಿಸುತ್ತೇನೆ. ಇದಕ್ಕೆ ದುಬಾರಿ ಯಂತ್ರವೇನೂ ಬೇಕಿಲ್ಲ; ಆದರೆ ಮಾದರಿ ಸಂಗ್ರಹಿಸುವಾಗ ಸಡಿಲ ಬಿಟ್ಟರೆ ಬರುವ ಅಂಕಿಗೆ ಬೆಲೆಯಿಲ್ಲ.

ರೋಗಿಯನ್ನು ಬೆಳಿಗ್ಗೆಯೇ ಕರೆಯುತ್ತೇನೆ. ಅದಕ್ಕೆ ಮುನ್ನ ಒಂದೂವರೆ ಗಂಟೆ ತಿಂಡಿ, ಚಹಾ, ಹಲ್ಲುಜ್ಜುವುದು, ಎಲೆ ಅಡಿಕೆ ಯಾವುದೂ ಕೂಡದು. ಸುಣ್ಣ ಕ್ಷಾರವಾದ್ದರಿಂದ, ತಂಬಾಕಿಗೆ ಸುಣ್ಣ ತಿಕ್ಕಿ ಬಾಯಿಗಿಟ್ಟುಕೊಂಡು ಬಂದವರಲ್ಲಿ, ರಸ ಎಷ್ಟು ಆಮ್ಲ ಎಷ್ಟು ಕ್ಷಾರ ಎಂದು ತೋರಿಸುವ ಪಿಎಚ್ ಪಟ್ಟಿ ಸುಳ್ಳು ಹೇಳುತ್ತದೆ. ಬಾಯಿ ಮುಕ್ಕಳಿಸಿ ಕೆಲವು ನಿಮಿಷ ಸುಮ್ಮನೆ ಕುಳಿತ ಮೇಲೆ, ತಲೆಯನ್ನು ತುಸು ಮುಂದಕ್ಕೆ ಬಾಗಿಸಿ, ತಾನಾಗಿ ಒಸರುವ ರಸವನ್ನು ಐದು ನಿಮಿಷ ಕಾಲ, ಮೊದಲೇ ತೂಗಿಟ್ಟ ಬಟ್ಟಲಿಗೆ ಬೀಳಿಸಬೇಕು. ನಾಲ್ಕು ಜನರೆದುರು ಇದಕ್ಕೆ ಯಾರೂ ಒಪ್ಪುವುದಿಲ್ಲ; ಹಾಗಾಗಿ ಮೂಲೆಯಲ್ಲೊಂದು ಪರದೆ ಕಟ್ಟಿಸಿದ್ದೇನೆ. ಗೆರೆ ನೋಡಿ ಅಳೆದರೆ ನೊರೆಯೂ ಲೆಕ್ಕಕ್ಕೆ ಸೇರುವುದರಿಂದ, ತೂಕವನ್ನೇ ನಂಬಿ, ಒಂದು ಗ್ರಾಂ ಎಂದರೆ ಒಂದು ಮಿಲಿಲೀಟರ್ ಎಂದು ಹಿಡಿಯುತ್ತೇನೆ. ಪಿಎಚ್ ಮಾತ್ರ ಆ ಕ್ಷಣವೇ ನೋಡಬೇಕು. ರಸದಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಹೊರಹೋದಂತೆ ಅಂಕಿ ಏರುತ್ತ ಹೋಗುತ್ತದೆ.

ನಿಮಿಷಕ್ಕೆ 0.3 ಮಿ.ಲೀ. ಆಸುಪಾಸು ಬಂದರೆ ಸಾಮಾನ್ಯ, 0.1ಕ್ಕಿಂತ ಇಳಿದರೆ ಸ್ರಾವ ನಿಜಕ್ಕೂ ಕುಂದಿದೆ ಎಂದರ್ಥ. ಸಿಂಧನೂರು ಕಡೆಯ ಹಿರಿಯ ಮಹಿಳೆಯೊಬ್ಬರು "ನೀರು ಕುಡೀಲಾರ್ದ ರೊಟ್ಟಿ ಇಳಿಯಂಗಿಲ್ರಿ ಡಾಕ್ಟ್ರ" ಎಂದಾಗಲೇ ನನಗೆ ಅನುಮಾನ ಬಂದಿತ್ತು. ಹಲ್ಲುಗಳ ಬುಡದಲ್ಲಿ ಸಾಲಾಗಿ ಹುಳುಕಿತ್ತು, ಅಳತೆಯೂ 0.1ನ್ನು ಮುಟ್ಟಲಿಲ್ಲ. ಸಕ್ಕರೆ ಕಾಯಿಲೆಯ ಜೊತೆಗೆ, ಕಾಲುರಿಗೆಂದು ಅವರು ರಾತ್ರಿ ನುಂಗುತ್ತಿದ್ದ ಅಮಿಟ್ರಿಪ್ಟಿಲಿನ್ ಮಾತ್ರೆಯೂ ಬಾಯಿ ಒಣಗಿಸುವಂಥದ್ದೇ. ನನ್ನ ಚೀಟಿ ನೋಡಿ ಅವರ ವೈದ್ಯರು ಮಾತ್ರೆ ಬದಲಿಸಿದರು, ನಾನು ಹಲ್ಲಿಗೆ ಫ್ಲೋರೈಡ್ ವಾರ್ನಿಶ್ ಹಚ್ಚಿದೆ. ಮುಂದಿನ ಭೇಟಿಗಳಲ್ಲಿ ಅಂಕಿ ನಿಧಾನವಾಗಿ ಮೇಲೇರಿತು. ಹೋಲಿಸುವಾಗ ವೇಳೆ ಒಂದೇ ಇರಬೇಕು, ಋತುವನ್ನೂ ಬರೆದಿಡಬೇಕು. ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಆರೋಗ್ಯವಂತರ ಬಾಯಿಯೂ ಒಣಗುತ್ತದೆ.

ಸಕ್ಕರೆ ಪ್ರಮಾಣವನ್ನೂ ಇದರಲ್ಲೇ ನೋಡಬಹುದೇ ಎಂದು ಕೇಳುವವರಿದ್ದಾರೆ. ಲಾಲಾರಸದ ಗ್ಲೂಕೋಸ್ ನೆಚ್ಚಿ ಔಷಧ ಹೊಂದಿಸಲಾಗದು, ರಕ್ತವನ್ನೇ ಪರೀಕ್ಷಿಸಬೇಕು. ಎಚ್‌ಐವಿ ಪ್ರತಿಕಾಯಗಳನ್ನು ಒಸಡಿನಂಚಿನ ದ್ರವದಲ್ಲಿ ಗುರುತಿಸುವ ಕಿಟ್‌ಗೆ ಅಮೆರಿಕದಲ್ಲಿ 2004ರಲ್ಲಿ ಅನುಮತಿ ದೊರೆತಿದ್ದರೂ, ಪಾಸಿಟಿವ್ ಬಂದರೆ ರಕ್ತಪರೀಕ್ಷೆಯೇ ಖಚಿತಪಡಿಸಬೇಕು. ಗುಟ್ಕಾ ಅಗಿಯುವವರ ಕೆನ್ನೆಯೊಳಗೆ ಬಿಳಿ ಮಚ್ಚೆ ಕಂಡಾಗಲಂತೂ ನಾನು ಬಟ್ಟಲು ಹಿಡಿಯುವುದಿಲ್ಲ; ಆ ಜಾಗದ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಗೆ ನೇರವಾಗಿ ಕಳುಹಿಸುತ್ತೇನೆ.