ಜರ್ಮನಿಯಲ್ಲಿ ಇನ್ಫರ್ಮ್ಯಾಟಿಕ್ಸ್ ಎಂ.ಎಸ್ಸಿ.: ಸಿಲಬಸ್ ಪ್ರತಿಯಿಂದ ಶುರು ಮಾಡಿ

ಜರ್ಮನಿಯಲ್ಲಿ ಎಂ.ಎಸ್ಸಿ. ಓದಬೇಕೆನ್ನುವ ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಮೊದಲು ಐಇಎಲ್‌ಟಿಎಸ್ ಕೋಚಿಂಗ್ ಸೇರುತ್ತಾರೆ, ಆಮೇಲೆ ರ‍್ಯಾಂಕಿಂಗ್ ಪಟ್ಟಿ ನೋಡುತ್ತಾರೆ. ಅಂಕಪಟ್ಟಿ, ಸಿಲಬಸ್ ನೆನಪಾಗುವುದು ಕೊನೆಗೆ. ಅರ್ಜಿ ಪರಿಶೀಲಿಸುವವರು ಮಾತ್ರ ಅಲ್ಲಿಂದಲೇ ಶುರು ಮಾಡುತ್ತಾರೆ. ನಾಲ್ಕು ವರ್ಷದಲ್ಲಿ ನೀವು ಯಾವ ವಿಷಯವನ್ನು ಎಷ್ಟು ಓದಿದ್ದೀರಿ ಎಂಬುದೇ ಅವರ ಮೊದಲ ಪ್ರಶ್ನೆ. ಐದನೇ ಸೆಮಿಸ್ಟರ್‌ನಲ್ಲಿಯೇ ಈ ಕೆಲಸಕ್ಕೆ ಕೂತರೆ ಕೊರತೆ ತುಂಬಿಕೊಳ್ಳಲು ಸಮಯ ಉಳಿಯುತ್ತದೆ.

ಹೆಸರಿನ ಗೊಂದಲ ಮೊದಲು ಬಗೆಹರಿಸಿಕೊಳ್ಳೋಣ. ‘ಇನ್ಫರ್ಮ್ಯಾಟಿಕ್’ ಎಂದರೆ ಜರ್ಮನರಿಗೆ ಕಂಪ್ಯೂಟರ್ ಸೈನ್ಸ್. 1957ರಲ್ಲಿ ಕಾರ್ಲ್ ಸ್ಟೈನ್‌ಬುಖ್ ಬಳಸಿದ ಪದ ಅದು. ‘ವಿರ್ಟ್‌ಶಾಫ್ಟ್ಸ್‌ಇನ್ಫರ್ಮ್ಯಾಟಿಕ್’ ಬೇರೆ ಕೋರ್ಸ್. ಅದರಲ್ಲಿ ವ್ಯವಹಾರ ನಿರ್ವಹಣೆಯೂ ಸೇರಿದೆ. ಬೋಧನೆಯ ಭಾಷೆಯನ್ನೂ ನೋಡಿಕೊಳ್ಳಿ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ (ಟಿಯುಎಂ) ಎಂ.ಎಸ್ಸಿ. ಇನ್ಫರ್ಮ್ಯಾಟಿಕ್ಸ್ ಅನ್ನು ಪೂರ್ತಿ ಇಂಗ್ಲಿಷ್‌ನಲ್ಲಿ ಮುಗಿಸಬಹುದು. ಇನ್ನು ಕೆಲವು ಕಡೆ ಅದೇ ಹೆಸರಿನ ಕೋರ್ಸಿಗೆ ಜರ್ಮನ್ ಬೇಕೇ ಬೇಕು.

ಸಿಲಬಸ್ ಹೊಂದಿಸುವುದು

ಕೆಲಸದ ಹೆಚ್ಚಿನ ಭಾಗ ಇಲ್ಲಿದೆ, ಅರ್ಜಿಗಳು ಬೀಳುವುದೂ ಇಲ್ಲೇ. ನಿಮ್ಮ ಸ್ಕೀಮಿನ ಸಿಲಬಸ್ ಪ್ರತಿ ಪೂರ್ತಿ ಇಳಿಸಿಕೊಳ್ಳಿ. ಒಂದು ಎಕ್ಸೆಲ್ ಹಾಳೆಯಲ್ಲಿ ವಿಷಯದ ಕೋಡ್, ಹೆಸರು, ಕ್ರೆಡಿಟ್, ಬಂದ ಗ್ರೇಡ್, ಮಾಡ್ಯೂಲ್‌ಗಳ ಸಾರ ಎಂದು ಐದು ಕಾಲಂ ಮಾಡಿ. ಆರನೆಯ ಕಾಲಂನಲ್ಲಿ ಅದು ಜರ್ಮನ್ ಬ್ಯಾಚಲರ್ ಪದವಿಯ ಯಾವ ಭಾಗಕ್ಕೆ ಹೊಂದುತ್ತದೆ ಎಂದು ಬರೆಯಿರಿ: ಗಣಿತ, ಸೈದ್ಧಾಂತಿಕ ಇನ್ಫರ್ಮ್ಯಾಟಿಕ್ಸ್, ಪ್ರೋಗ್ರಾಮಿಂಗ್ ಮತ್ತು ಸಾಫ್ಟ್‌ವೇರ್, ಸಿಸ್ಟಮ್ಸ್ ಮತ್ತು ಹಾರ್ಡ್‌ವೇರ್.

ಹೀಗೆ ಹಂಚುವಾಗ ವಿಷಯದ ಹೆಸರು ನಂಬಬೇಡಿ. ವಿಟಿಯು 2021ರ ಸ್ಕೀಮಿನಲ್ಲಿ ಆಟೊಮೇಟಾ ಥಿಯರಿ ಮತ್ತು ಕಂಪೈಲರ್ ಡಿಸೈನ್ ಒಂದೇ ವಿಷಯ. ಅದರ ಒಂದು ಭಾಗ ಸಿದ್ಧಾಂತ, ಇನ್ನೊಂದು ಭಾಗ ಸಿಸ್ಟಮ್ಸ್. ಪೂರ್ತಿ ಕ್ರೆಡಿಟ್ ಅನ್ನು ಸಿದ್ಧಾಂತದ ಕಡೆ ಬರೆದರೆ ಸಿಲಬಸ್ ತೆರೆದು ನೋಡಿದವರಿಗೆ ತಕ್ಷಣ ತಿಳಿಯುತ್ತದೆ, ಮಿಕ್ಕ ಸಾಲುಗಳ ಮೇಲೂ ಅವರ ನಂಬಿಕೆ ಕುಗ್ಗುತ್ತದೆ. ಗಣಿತದ ತೊಂದರೆ ಇನ್ನೊಂದು ಬಗೆಯದು. ನಮ್ಮ ಎಂಜಿನಿಯರಿಂಗ್ ಗಣಿತದಲ್ಲಿ ಲ್ಯಾಪ್ಲಾಸ್, ಫೂರಿಯೇ, ಸಂಖ್ಯಾತ್ಮಕ ವಿಧಾನಗಳು ಬೇಕಾದಷ್ಟಿವೆ. ಅವರು ಹುಡುಕುವುದು ಲೀನಿಯರ್ ಆಲ್ಜಿಬ್ರಾ, ಡಿಸ್ಕ್ರೀಟ್ ಗಣಿತ, ಸಂಭವನೀಯತೆ ಮತ್ತು ಪ್ರಮೇಯಗಳ ಸಾಧನೆ. ಇವುಗಳಲ್ಲಿ ಯಾವುದಾದರೂ ಕಡಿಮೆ ಬಿದ್ದಿದ್ದರೆ ಉಳಿದ ಸೆಮಿಸ್ಟರ್‌ಗಳ ಇಲೆಕ್ಟಿವ್ ಆರಿಸುವಾಗ ಅದನ್ನೇ ತೆಗೆದುಕೊಳ್ಳಿ. ಇನ್ನೊಂದು ವೆಬ್ ಡೆವಲಪ್‌ಮೆಂಟ್ ಸರ್ಟಿಫಿಕೇಟಿಗಿಂತ ಅಂಕಪಟ್ಟಿಯಲ್ಲಿ ಬರುವ ಒಂದು ಗಣಿತದ ವಿಷಯಕ್ಕೆ ಇಲ್ಲಿ ತೂಕ ಹೆಚ್ಚು.

ಕ್ರೆಡಿಟ್ ಲೆಕ್ಕ ಸುಲಭ. ಯುರೋಪಿನ ಇಸಿಟಿಎಸ್ ಪದ್ಧತಿಯಲ್ಲಿ ಒಂದು ವರ್ಷಕ್ಕೆ 60 ಅಂಕ, ಅಂದರೆ ನಾಲ್ಕು ವರ್ಷಕ್ಕೆ 240. ನಿಮ್ಮ ಬಿ.ಇ. ಒಟ್ಟು 160 ಕ್ರೆಡಿಟ್ ಆಗಿದ್ದರೆ ಒಂದಕ್ಕೆ ಒಂದೂವರೆಯಂತೆ ಲೆಕ್ಕ ಹಾಕಿ. 4 ಕ್ರೆಡಿಟ್ ವಿಷಯ ಹತ್ತಿರ ಹತ್ತಿರ 6 ಇಸಿಟಿಎಸ್. ಇದು ನಿಮ್ಮ ಅಂದಾಜಿಗೆ ಮಾತ್ರ, ಕೊನೆಯ ಲೆಕ್ಕ ವಿಶ್ವವಿದ್ಯಾಲಯದ್ದೇ.

ಗ್ರೇಡ್ ಬದಲಿಸುವುದು

ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಪಾಸಿನ ಕೊನೆ, 5.0 ಫೇಲ್. ನಮ್ಮ ಸಿಜಿಪಿಎಯನ್ನು ಬದಲಿಸಲು ‘ಬವೇರಿಯನ್ ಸೂತ್ರ’ ಬಳಸುತ್ತಾರೆ: ಗರಿಷ್ಠದಿಂದ ನಿಮ್ಮ ಅಂಕ ಕಳೆಯಿರಿ, ಅದನ್ನು ಗರಿಷ್ಠ ಮತ್ತು ಕನಿಷ್ಠ ಪಾಸಿನ ವ್ಯತ್ಯಾಸದಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. ಸಿಜಿಪಿಎ 8.2, ಗರಿಷ್ಠ 10, ಕನಿಷ್ಠ 4 ಆದರೆ ಉತ್ತರ 1.9. ಕನಿಷ್ಠ 5 ಎಂದು ಹಿಡಿದರೆ ಅದೇ 8.2ಕ್ಕೆ 2.08 ಬರುತ್ತದೆ. ಪೈಪೋಟಿ ಇರುವ ಕಡೆ ಈ ವ್ಯತ್ಯಾಸ ಚಿಕ್ಕದಲ್ಲ. ಆದ್ದರಿಂದ ಪದವಿಗೆ ಬೇಕಾದ ಕನಿಷ್ಠ ಸಿಜಿಪಿಎ ಎಷ್ಟು ಎಂಬುದು ಅಂಕಪಟ್ಟಿಯಲ್ಲಿ ಅಚ್ಚಾಗಿದೆಯೇ ನೋಡಿ. ಇಲ್ಲದಿದ್ದರೆ ವಿಶ್ವವಿದ್ಯಾಲಯದ ನಿಯಮದ ಆ ಪುಟವನ್ನು ಕಾಲೇಜಿನಿಂದ ದೃಢೀಕರಿಸಿ ಇಟ್ಟುಕೊಳ್ಳಿ.

ಕಾಗದದ ಸರಪಳಿ

ಇಲ್ಲಿ ಒಂದು ಮುಗಿಯದೆ ಇನ್ನೊಂದು ಸಾಗದು. ಮೊದಲನೆಯದು ಎಪಿಎಸ್ ಪ್ರಮಾಣಪತ್ರ. ಭಾರತೀಯ ಅಂಕಪಟ್ಟಿಗಳು ಅಸಲಿ ಎಂದು ಪರಿಶೀಲಿಸುವ ಈ ಕಚೇರಿ ದೆಹಲಿಯಲ್ಲಿದೆ. 2022ರ ನವೆಂಬರ್ 1ರಿಂದ ವಿದ್ಯಾರ್ಥಿ ವೀಸಾಕ್ಕೆ ಇದು ಕಡ್ಡಾಯ. ಶುಲ್ಕ 18,000 ರೂಪಾಯಿ. ಎರಡನೆಯದು ಯೂನಿ-ಅಸಿಸ್ಟ್. ಇದು ಹಲವು ವಿಶ್ವವಿದ್ಯಾಲಯಗಳ ಪರವಾಗಿ ದಾಖಲೆ ನೋಡಿ ಗ್ರೇಡ್ ಬದಲಿಸುವ ಸಂಸ್ಥೆ. ಒಂದು ಸೆಮಿಸ್ಟರಿನ ಮೊದಲ ಅರ್ಜಿಗೆ 75 ಯೂರೊ, ಮುಂದಿನ ಪ್ರತಿಯೊಂದಕ್ಕೆ 30. ಪರಿಶೀಲನೆಗೆ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಟಿಯುಎಂನಂಥ ಕಡೆ ಯೂನಿ-ಅಸಿಸ್ಟ್ ದಾಖಲೆ ನೋಡಿ ಗ್ರೇಡ್ ಬದಲಿಸಿ ಕೊಡುವ ವಿಪಿಡಿ ಎಂಬ ಪತ್ರವನ್ನು ಹಿಡಿದು ನೀವೇ ವಿಶ್ವವಿದ್ಯಾಲಯದ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಯೂನಿ-ಅಸಿಸ್ಟಿಗೆ ಹಣ ಕಟ್ಟಿದ ಮೇಲೆ ಅರ್ಜಿ ಹೋಯಿತೆಂದು ಸುಮ್ಮನೆ ಕೂತು ಒಂದು ವರ್ಷ ಕಳೆದುಕೊಂಡವರಿದ್ದಾರೆ.

ಕೊನೆಯ ದಿನ ಮೇ 31 ಎಂದಿಟ್ಟುಕೊಂಡು ಹಿಂದಕ್ಕೆ ಎಣಿಸಿ. ಯೂನಿ-ಅಸಿಸ್ಟಿಗೆ ದಾಖಲೆ ಮಾರ್ಚ್ ಕೊನೆಯೊಳಗೆ ಸೇರಬೇಕು. ಎಪಿಎಸ್‌ಗೆ ಹಿಂದಿನ ನವೆಂಬರ್‌ನಲ್ಲೇ ಅರ್ಜಿ ಹಾಕಿದರೆ ಒಂದು ಕಾಗದ ತಿರುಗಿ ಬಂದರೂ ಸರಿಪಡಿಸಲು ಸಮಯ ಸಿಗುತ್ತದೆ.

ನಮ್ಮ ಕಡೆಯವರಿಗೆ ಹೆಚ್ಚು ಕಾಡುವುದು ಇನಿಷಿಯಲ್. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಎರಡಕ್ಷರ, ಪಾಸ್‌ಪೋರ್ಟ್‌ನಲ್ಲಿ ಅದೇ ಜಾಗದಲ್ಲಿ ತಂದೆಯ ಅಥವಾ ಊರಿನ ಪೂರ್ತಿ ಹೆಸರು. ಎರಡೂ ಒಬ್ಬರದೇ ಹೆಸರೆಂಬ ನೋಟರಿ ಅಫಿಡವಿಟ್ ಮೊದಲೇ ಮಾಡಿಸಿ, ಎಲ್ಲ ಅರ್ಜಿಗಳಲ್ಲೂ ಪಾಸ್‌ಪೋರ್ಟಿನ ಹೆಸರನ್ನೇ ಅಕ್ಷರಕ್ಕಕ್ಷರ ಬರೆಯಿರಿ.

ಇಂಗ್ಲಿಷ್‌ಗೆ ಹೆಚ್ಚಿನ ಕಡೆ ಐಇಎಲ್‌ಟಿಎಸ್ 6.5 ಸಾಕು, ಫಲಿತಾಂಶ ಎರಡು ವರ್ಷ ನಡೆಯುತ್ತದೆ. ಕಾಲೇಜು ಕೊಡುವ ಇಂಗ್ಲಿಷ್ ಮಾಧ್ಯಮದ ಪತ್ರ ಎಲ್ಲ ಕಡೆ ನಡೆಯುವುದಿಲ್ಲ. ಭಾರತದ ಪದವಿಯವರಿಗೆ ಜಿಆರ್‌ಇ ಅಥವಾ ಗೇಟ್ ಅಂಕ ಕೇಳುವ ವಿಭಾಗಗಳೂ ಇವೆ. ಕೋರ್ಸಿನ ಪುಟದಲ್ಲಿ ಇದನ್ನು ಜಿಆರ್‌ಇ ದಿನಾಂಕ ಬುಕ್ ಮಾಡುವ ಮೊದಲೇ ಓದಿ.

ದುಡ್ಡು

ವೀಸಾಕ್ಕೆ ಬ್ಲಾಕ್ಡ್ ಅಕೌಂಟ್‌ನಲ್ಲಿ ಒಂದು ವರ್ಷದ ಖರ್ಚು ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ಅದು 11,904 ಯೂರೊ, ಅಂದರೆ ತಿಂಗಳಿಗೆ 992. ಯೂರೊಗೆ 100 ರೂಪಾಯಿ ಹಿಡಿದರೆ ಸುಮಾರು 12 ಲಕ್ಷ. ಈ ಹಣ ಶುಲ್ಕವಲ್ಲ. ಅಲ್ಲಿಗೆ ಹೋದ ಮೇಲೆ ತಿಂಗಳು ತಿಂಗಳು ನಿಮಗೇ ಬರುತ್ತದೆ. ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ, ಸೆಮಿಸ್ಟರ್ ವಂತಿಗೆ ಮಾತ್ರ. ಆದರೆ ‘ಜರ್ಮನಿಯಲ್ಲಿ ಓದು ಪುಕ್ಕಟೆ’ ಎಂಬ ಮಾತು ಈಗ ಎಲ್ಲ ಕಡೆ ನಿಜವಲ್ಲ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪಿನ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ. ಟಿಯುಎಂ 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಸ್ನಾತಕೋತ್ತರ ಕೋರ್ಸುಗಳಿಗೆ ಇಂಥವರಿಂದ ಸೆಮಿಸ್ಟರಿಗೆ 4,000 ಅಥವಾ 6,000 ಯೂರೊ ಪಡೆಯುತ್ತಿದೆ. ಬ್ಯಾಂಕ್ ಸಾಲದ ಮೊತ್ತ ನಿಗದಿಪಡಿಸುವ ಮೊದಲೇ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಓದು ಶುರುವಾದ ಮೇಲೆ

ಪದವಿ ನಾಲ್ಕು ಸೆಮಿಸ್ಟರ್, 120 ಇಸಿಟಿಎಸ್. ಅದರಲ್ಲಿ 30 ಕೊನೆಯ ಪ್ರಬಂಧಕ್ಕೆ, ಅದಕ್ಕೆ ಆರು ತಿಂಗಳು. ಒಂದು ಅಂಕಕ್ಕೆ 30 ಗಂಟೆ ಕೆಲಸವೆಂದು ಲೆಕ್ಕ, ಹಾಗಾಗಿ 30 ಅಂಕದ ಸೆಮಿಸ್ಟರ್ 900 ಗಂಟೆ. 26 ವಾರಕ್ಕೆ ಹಂಚಿದರೆ ವಾರಕ್ಕೆ ಸುಮಾರು 35 ಗಂಟೆ. ಜೊತೆಗೆ ವಾರಕ್ಕೆ 20 ಗಂಟೆಯ ಅರೆಕಾಲಿಕ ಕೆಲಸ ಹಿಡಿದರೆ 55 ಆಯಿತು. ಮೊದಲ ಸೆಮಿಸ್ಟರ್‌ನಲ್ಲಿ ಕೆಲಸಕ್ಕೆ ಸೇರದಿರುವುದೇ ಒಳ್ಳೆಯದು.

ನಮ್ಮವರು ಎಡವುವುದು ಪರೀಕ್ಷೆಯಲ್ಲಿ. ಇಲ್ಲಿಯ ಹಾಗೆ ಅಲ್ಲಿ ಇಂಟರ್ನಲ್ಸ್ ಅಂಕ ಕೈಹಿಡಿಯುವುದಿಲ್ಲ. ಅನೇಕ ವಿಷಯಗಳಲ್ಲಿ ಸೆಮಿಸ್ಟರ್ ಕೊನೆಯ ಒಂದೇ ಪರೀಕ್ಷೆ ಇಡೀ ಗ್ರೇಡನ್ನು ನಿರ್ಧರಿಸುತ್ತದೆ. ವಾರವಾರ ಕೊಡುವ ಅಭ್ಯಾಸದ ಲೆಕ್ಕಗಳಿಗೆ ಅಂಕವಿಲ್ಲದಿದ್ದರೂ ಪರೀಕ್ಷೆಯ ಪ್ರಶ್ನೆಗಳು ಅದೇ ಜಾಡಿನವು. ಅವನ್ನು ಬಿಟ್ಟು ಸ್ಲೈಡ್ ಮಾತ್ರ ಓದಿದವರಿಗೆ ಪ್ರಮೇಯದ ಸಾಧನೆ ಬರೆಯುವ ಪ್ರಶ್ನೆ ಬಂದಾಗ ಕೈ ಓಡುವುದಿಲ್ಲ. ಸೆಮಿನಾರ್ ಮತ್ತು ಪ್ರಾಯೋಗಿಕ ಕೋರ್ಸುಗಳಿಗೂ ಮೊದಲೇ ಯೋಚಿಸಿ. ಟಿಯುಎಂನಲ್ಲಿ ಇವುಗಳ ಸೀಟನ್ನು ಆದ್ಯತೆಯ ಪಟ್ಟಿ ನೋಡಿ ಹಂಚುತ್ತಾರೆ, ಅದೂ ಸೆಮಿಸ್ಟರ್ ಶುರುವಾಗುವ ಮೊದಲು. ಒಂದೇ ಆಯ್ಕೆ ಬರೆದವರಿಗೆ ಬರಿಗೈ ಆಗುವ ಸಂಭವ ಹೆಚ್ಚು, ನಾಲ್ಕೈದು ಬರೆಯಿರಿ.

ಕೋರ್ಸಿಗೆ ಹೆಸರು ಕೊಟ್ಟ ಮಾತ್ರಕ್ಕೆ ಪರೀಕ್ಷೆಗೆ ಕೊಟ್ಟಂತಾಗದು. ಪರೀಕ್ಷೆಯ ನೋಂದಣಿ ಬೇರೆ, ಅದರ ಕೊನೆಯ ದಿನವೂ ಬೇರೆ. ದಾಟಿದರೆ ಆ ಬಾರಿ ಕೂರುವಂತಿಲ್ಲ. ಟಿಯುಎಂನಲ್ಲಿ ಮೂರನೇ ಸೆಮಿಸ್ಟರ್ ಮುಗಿಯುವುದರೊಳಗೆ ಕನಿಷ್ಠ 30, ನಾಲ್ಕನೆಯದರೊಳಗೆ 60 ಇಸಿಟಿಎಸ್ ಅಂಕ ಗಳಿಸಿರಬೇಕೆಂಬ ನಿಯಮವಿದೆ. ಅದು ತಪ್ಪಿದರೆ ಪ್ರವೇಶವೇ ರದ್ದಾಗಬಹುದು, ವಾಸದ ಪರವಾನಗಿ ನಿಂತಿರುವುದೂ ಆ ಪ್ರವೇಶದ ಮೇಲೆಯೇ. ಅಕ್ಟೋಬರ್‌ನ ಮೊದಲ ವಾರದಲ್ಲೇ ಈ ದಿನಾಂಕಗಳನ್ನು ಫೋನಿನ ಕ್ಯಾಲೆಂಡರ್‌ಗೆ ಹಾಕಿ, ಒಂದು ವಾರ ಮುಂಚೆ ನೆನಪಿಸುವಂತೆ ಅಲಾರಂ ಇಡಿ.