ನೀರಿನ ಟ್ಯಾಂಕಿನ ಮೇಲೆ ರೂಟರ್: ಮೂಡಿಗೆರೆ ಕಡೆ ಮದುವೆ ಲೈವ್ ಮಾಡಿದ ಕಥೆ

ತೋಟದ ಮನೆ ಮದುವೆಗಳನ್ನು ಲೈವ್ ಮಾಡ್ತೀನಿ ಅಂದಾಗ ಸ್ಟುಡಿಯೋ ಗೆಳೆಯರೇ ನಕ್ಕಿದ್ದರು. "ಅಲ್ಲಿ ಫೋನೇ ಸಿಗಲ್ಲ, ಲೈವ್ ಎಲ್ಲಿಂದ ಮಾರಾಯ?" ಈ ಸೀಸನ್‌ನಲ್ಲಿ ಹದಿನಾಲ್ಕೋ ಹದಿನೈದೋ ಮುಗಿಸಿದೆ. ಮೊದಲನೆಯದು ಬಿಟ್ಟರೆ ಒಂದೂ ಕಟ್ ಆಗಿಲ್ಲ.

ಮೊದಲನೆಯದು ಕೊಟ್ಟಿಗೆಹಾರದ ಹತ್ತಿರ. ಹಿಂದಿನ ದಿನ ಮಧ್ಯಾಹ್ನ ಖಾಲಿ ಚಪ್ಪರದಲ್ಲಿ ನಿಂತು ಸ್ಪೀಡ್ ಟೆಸ್ಟ್ ಮಾಡಿದೆ, ಅಪ್‌ಲೋಡ್ 11 ಎಂಬಿಪಿಎಸ್ ಚಿಲ್ಲರೆ. ಸಾಕಪ್ಪ ಅಂತ ವಿಡಿಯೋ ಗುಣಮಟ್ಟ 1080ಕ್ಕೆ, ಬಿಟ್‌ರೇಟ್ (ಸೆಕೆಂಡಿಗೆ ಕಳಿಸೋ ಡೇಟಾ) 6000 ಕೆಬಿಪಿಎಸ್, ಅಂದರೆ 6 ಎಂಬಿಪಿಎಸ್‌ಗೆ ಇಟ್ಟು ನೆಮ್ಮದಿಯಾಗಿ ಮಲಗಿದೆ. ಬೆಳಿಗ್ಗೆ ಆರುನೂರು ಜನ ಬಂದರು, ಜೊತೆಗೆ ಆರುನೂರು ಫೋನೂ ಬಂತು, ಎಲ್ಲಾ ಅದೇ ಟವರ್‌ಗೆ. ಸರಿಯಾಗಿ ಧಾರೆ ಎರೆಯೋ ಹೊತ್ತಿಗೆ ಲೈವ್ ಕಳಿಸೋ ಸಾಫ್ಟ್‌ವೇರ್ ಓಬಿಎಸ್‌ನ ಹಸಿರು ಚೌಕ ಕೆಂಪಾಯ್ತು. ಅಮೆರಿಕದಲ್ಲಿ ನಿದ್ದೆಗೆಟ್ಟು ಕೂತಿದ್ದ ಹುಡುಗಿಯ ಅಣ್ಣ ನೋಡಿದ್ದು ಬರೀ ತಿರುಗೋ ಚಕ್ರ. ಎಂಟು ಸಾವಿರ ವಾಪಸ್ ಕೊಟ್ಟೆ. ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ.

ನಾವೆಲ್ಲ ಮಾಡೋ ತಪ್ಪು ಒಂದೇ, ಸಿಮ್ ಹಾಕೋ ರೂಟರನ್ನು ಲ್ಯಾಪ್‌ಟಾಪ್ ಪಕ್ಕ ಇಡೋದು. ಮೇಲೆ ತಗಡಿನ ಶೀಟು, ಸುತ್ತ ಜನ, ಸಿಗ್ನಲ್ ಎಲ್ಲಿಂದ ಬರಬೇಕು? ಎರಡನೇ ಮದುವೆಗೆ ರೂಟರನ್ನು ನೀರಿನ ಟ್ಯಾಂಕಿನ ಮೇಲೆ ಹತ್ತಿಸಿ, ಎಪ್ಪತ್ತು ಮೀಟರ್ ಲ್ಯಾನ್ ಕೇಬಲ್ ಕೆಳಗೆ ಇಳಿಸಿದೆ. ನೂರು ಮೀಟರ್ ಒಳಗಿದ್ದರೆ ತೊಂದರೆಯಿಲ್ಲ. ಕರೆಂಟಿಗೆ ಬೈಕಿನ ಹಳೇ 12 ವೋಲ್ಟ್ ಬ್ಯಾಟರಿ. ಕರೆಂಟ್ ಹೋದರೆ ಜನರೇಟರ್‌ಗೆ ಬದಲಾಗೋದು ಮೂರು ಸೆಕೆಂಡಲ್ಲಿ, ಆದರೆ ಆರಿದ ರೂಟರ್ ಮತ್ತೆ ಎದ್ದೇಳೋದಕ್ಕೆ ಎರಡು ನಿಮಿಷ ಬೇಕು. ಅಷ್ಟರಲ್ಲಿ ತಾಳಿ ಕಟ್ಟಿ ಆಗಿರುತ್ತೆ. ಮಳೆಗೆ ಪೇಂಟ್ ಬಕೆಟ್ ಬೋರಲು ಹಾಕಿದೆ. ತೂತು ಮಾಡೋದು ಮರೆತಿದ್ದೆ, ಹನ್ನೊಂದು ಗಂಟೆಗೆ ರೂಟರ್ ದೋಸೆ ಹಂಚಿನ ಹಾಗೆ ಕಾದಿತ್ತು. ಈಗ ಪಕ್ಕದಲ್ಲಿ ಕಾಯಿಸಿದ ಮೊಳೆಯಿಂದ ಹನ್ನೆರಡು ತೂತು, ಮೇಲ್ಭಾಗದಲ್ಲಿ ಒಂದೂ ಇಲ್ಲ.

ಎರಡು ಬೇರೆ ಕಂಪನಿ ಸಿಮ್ ಬೇಕೇ ಬೇಕು. ಯಾವ ಊರಿಗೆ ಯಾವ ಜೋಡಿ, ಒಂದು ಸೊರಗಿದಾಗ ನೋಡುವವರಿಗೆ ಗೊತ್ತಾಗದ ಹಾಗೆ ಇನ್ನೊಂದಕ್ಕೆ ಹೇಗೆ ದಾಟಿಸ್ತೀನಿ ಅನ್ನೋದು ನನ್ನ ಹೊಟ್ಟೆಪಾಡು, ಬಿಡಿ. ಸೆಟ್ಟಿಂಗ್ ಮಾತ್ರ ಹೇಳ್ತೀನಿ: ಗುಣಮಟ್ಟ 720, ಬಿಟ್‌ರೇಟ್ 2500, ಕೀಫ್ರೇಮ್ (ಇಡೀ ಚಿತ್ರ ಹೊಸದಾಗಿ ಕಳಿಸೋದು) ಎರಡು ಸೆಕೆಂಡಿಗೊಮ್ಮೆ. ಫೋನಲ್ಲಿ ನೋಡೋ ಅಜ್ಜಿಗೆ 1080 ಯಾಕೆ? ಟೆಸ್ಟ್ ಕೂಡ ಖಾಲಿ ಚಪ್ಪರದಲ್ಲಿ ಮಾಡಲ್ಲ, ಹಿಂದಿನ ರಾತ್ರಿ ನೆಂಟರೆಲ್ಲ ಊಟಕ್ಕೆ ಕೂತಾಗ ಎರಡು ಗಂಟೆ ಅನ್‌ಲಿಸ್ಟೆಡ್ ಲೈವ್ (ಲಿಂಕ್ ಇದ್ದವರಿಗೆ ಮಾತ್ರ ಕಾಣೋದು) ಓಡಿಸ್ತೀನಿ.

ಮಧ್ಯೆ ಒಂದು ಹುಚ್ಚಾಟ: ಸಿಮ್ ಹಾಕೋ ಇಂಟರ್ನೆಟ್ ಡಾಂಗಲ್ ಹಿಂದೆ ಅಡುಗೆಯವರ ಬಾಣಲೆ ಇಟ್ಟು ನೋಡಿದೆ. ನಿಜಕ್ಕೂ ಒಂದು ಕಡ್ಡಿ ಹೆಚ್ಚಾಯ್ತು! ಅಷ್ಟರಲ್ಲಿ ಬಜ್ಜಿ ಕರಿಯೋದಕ್ಕೆ ಅಂತ ಭಟ್ಟರು ಕಿತ್ತುಕೊಂಡು ಹೋದರು.

ದುಡ್ಡು ಹೋದದ್ದು ಕ್ಯಾಮೆರಾ ಚಿತ್ರವನ್ನು ಲ್ಯಾಪ್‌ಟಾಪಿಗೆ ತರೋ ಕ್ಯಾಪ್ಚರ್ ಕಾರ್ಡಿಗೆ. ಒಂಬೈನೂರರದ್ದು ಮೂರು ಸುಟ್ಟಮೇಲೆ ಹನ್ನೊಂದು ಸಾವಿರದ್ದು ತಗೊಂಡೆ. ಮೊದಲೇ ತಗೊಂಡಿದ್ದರೆ ಮರ್ಯಾದೆ ಉಳೀತಿತ್ತು. ಮೈಕ್‌ಸೆಟ್ಟಿನವರ ಮಿಕ್ಸರಿಂದ ಆಡಿಯೋ ತಗೊಂಡಾಗ ಗುಂಯ್ ಅಂದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ, ನನಗೆ ಬಹುತೇಕ ಅಲ್ಲಿಗೇ ನಿಂತಿದೆ. ಮನೆಯವರ ಚಾನೆಲ್‌ನಲ್ಲೇ ಬೇಕು ಅಂದರೆ ವಾರ ಮೊದಲೇ ಲೈವ್ ಆನ್ ಮಾಡಿಸಿ. ಹೊಸ ಚಾನೆಲ್‌ಗೆ ಯೂಟ್ಯೂಬ್ 24 ಗಂಟೆವರೆಗೂ ಕಾಯಿಸುತ್ತೆ, ಮುಹೂರ್ತ ಕಾಯಲ್ಲ.

ಈಗ ಹದಿನೈದು ಸಾವಿರ ತಗೋತೀನಿ. ಅವತ್ತು ನಕ್ಕವರಲ್ಲೊಬ್ಬ ಮೊನ್ನೆ ಫೋನ್ ಮಾಡಿ, ಬಕೆಟ್ ಎಷ್ಟು ಲೀಟರಿಂದು ಅಂತ ಕೇಳಿದ. ಇಪ್ಪತ್ತು.