ರೈಲು ಬಿಟ್ಟುಕೊಟ್ಟ ದಾರಿಯಲ್ಲಿ 29 ಕಿಲೋಮೀಟರ್

ಮರವಂತೆಯಲ್ಲಿ ಸೈಕಲ್ ತುಳಿದವರಿಗೆ ನನ್ನ ಕಷ್ಟ ಗೊತ್ತಿರುತ್ತದೆ. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಕಣ್ಣು ಒಂದು ಗಳಿಗೆ ಕಡಲ ಕಡೆ ಹೊರಳಿದರೆ ಸಾಕು, ಹಿಂದಿನಿಂದ ಮೀನಿನ ಲಾರಿಯ ಹಾರ್ನ್ ಎದೆ ನಡುಗಿಸುತ್ತದೆ. ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮೇಲೆ, ಮಂಡಿನೋವಿಗೆ ಸೈಕಲ್ ಒಳ್ಳೆಯದೆಂದು ಡಾಕ್ಟರು ಹೇಳಿದರೆಂದು, ದಿನಾ ನಸುಕಿನಲ್ಲಿ ಕುಂದಾಪುರದಿಂದ ಕೋಡಿಯವರೆಗೆ ಹೋಗಿಬರುವ ಅಭ್ಯಾಸ ಮಾಡಿಕೊಂಡಿದ್ದೆ. ಏಳು ಗಂಟೆಯೊಳಗೆ ಮನೆ ಸೇರಿಬಿಡುತ್ತಿದ್ದೆ. ಆಮೇಲಿನ ರಸ್ತೆ ನನ್ನದಲ್ಲ.

ಹಾಗಾಗಿ ಬ್ರಿಸ್ಟಲ್‌ನಲ್ಲಿರುವ ಮಗಳು, "ಅಪ್ಪಯ್ಯ, ಹೊಳೆಯ ಪಕ್ಕದಲ್ಲಿ, ಕಾಡಿನ ಒಳಗೆ, ಒಂದೇ ಒಂದು ಕಾರೂ ಬಾರದ ದಾರಿ ಇದೆ. ನೀವು ಬಂದಾಗ ಹೋಗೋಣ" ಎಂದಾಗ ನಾನು ಅರ್ಧ ಮಾತ್ರ ನಂಬಿದೆ. ಬ್ಯಾಂಕಿನವನು, ಪೂರ್ತಿ ನಂಬುವ ಅಭ್ಯಾಸ ಇಲ್ಲ.

ದಾರಿ ಇರುವುದು ಇಂಗ್ಲೆಂಡಿನ ನೈರುತ್ಯದ ಮೂಲೆಯ ಕಾರ್ನ್‌ವಾಲ್‌ನಲ್ಲಿ. ಹೆಸರು ಕ್ಯಾಮೆಲ್ ಟ್ರೇಲ್. ಒಂಟೆಗೂ ಅದಕ್ಕೂ ಸಂಬಂಧವಿಲ್ಲ. ಕ್ಯಾಮೆಲ್ ಅಲ್ಲಿನ ಹೊಳೆಯ ಹೆಸರು. ಹಳೆಯ ಕಾರ್ನಿಷ್ ಭಾಷೆಯಲ್ಲಿ ಡೊಂಕಾಗಿ ಹರಿಯುವವಳು ಎಂಬ ಅರ್ಥ. 1834ರಲ್ಲಿ ಬಾಡ್ಮಿನ್ ಮತ್ತು ವೇಡ್‌ಬ್ರಿಜ್ ಊರುಗಳ ನಡುವೆ ರೈಲು ಹಾಕಿದಾಗ ಮೊದಲ ಉಗಿ ಎಂಜಿನ್ನಿಗೆ ಹೊಳೆಯ ಹೆಸರನ್ನೇ ಇಟ್ಟರು. ಎರಡನೆಯ ಎಂಜಿನ್ ಬಂದಾಗ ಅದಕ್ಕೆ ಇಟ್ಟ ಹೆಸರು ಎಲಿಫೆಂಟ್! ಯಾರೋ ಒಂಟೆಯೆಂದೇ ತಿಳಿದುಕೊಂಡಿರಬೇಕು, ಇಲ್ಲವೇ ತಿಳಿದೂ ತಮಾಷೆ ಮಾಡಿರಬೇಕು. ಹಳಿ 1899ರಲ್ಲಿ ಕಡಲ ಬಳಿಯ ಪ್ಯಾಡ್‌ಸ್ಟೋ ಊರಿಗೆ ಮುಟ್ಟಿತು. ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ಸುಮಾರು 260 ಮೈಲಿ ದೂರದ ಈ ಬಂದರಿಗೆ ನೇರ ರೈಲು ಬರುತ್ತಿತ್ತಂತೆ. 1967ರಲ್ಲಿ ಪ್ರಯಾಣಿಕರ ರೈಲು ನಿಂತಿತು. ನಮ್ಮ ಕುಂದಾಪುರಕ್ಕೆ ರೈಲು ಬಂದದ್ದೇ 1990ರ ದಶಕದಲ್ಲಿ. ಇವರಿಗೆ ಅಷ್ಟು ಹೊತ್ತಿಗೆ ರೈಲು ಬಂದು, ಸಾಕಾಗಿ, ಹೋಗಿಯೂ ಆಗಿತ್ತು. ಹಳಿ ಕಿತ್ತ ಜಾಗಕ್ಕೆ ಜಲ್ಲಿಪುಡಿ ಹಾಸಿ ಗಟ್ಟಿ ಮಾಡಿ ನಡೆಯುವವರಿಗೆ, ಸೈಕಲ್ಲಿನವರಿಗೆ, ಕುದುರೆಯವರಿಗೆ ಬಿಟ್ಟಿದ್ದಾರೆ. ಒಟ್ಟು 18 ಮೈಲಿ, ಅಂದರೆ 29 ಕಿಲೋಮೀಟರ್.

ಅರವತ್ಮೂರರ ಮಂಡಿಗೆ ಇಲ್ಲಿನ ಗುಟ್ಟು ದೂರದಲ್ಲಿಲ್ಲ, ಏರಿನಲ್ಲಿದೆ. ಕಾರ್ನ್‌ವಾಲ್‌ನ ಮಾಮೂಲಿ ರಸ್ತೆಗಳು ನಮ್ಮ ಘಟ್ಟದ ಬುಡದ ಊರುಗಳ ರಸ್ತೆಗಳ ಹಾಗೆ: ಇಳಿದು ಹಳ್ಳ ದಾಟಿದ ಕೂಡಲೇ ಎದ್ದು ನಿಲ್ಲುತ್ತವೆ. ರೈಲಿಗೆ ಅಂಥ ಏರು ಹತ್ತಲು ಬರುವುದಿಲ್ಲ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಜಾರುತ್ತದೆ. ಅದಕ್ಕಾಗಿ ಅಂದಿನವರು ಗುಡ್ಡ ಕಡಿದು, ತಗ್ಗು ತುಂಬಿ, ಹೊಳೆಯ ಮಗ್ಗುಲಲ್ಲೇ ದಾರಿ ಎಳೆದರು. ಎಂಜಿನ್ನಿಗೆಂದು ಪಟ್ಟ ಆ ಪಾಡೆಲ್ಲ ನನ್ನ ಮಂಡಿಗೆ ಉಳಿದ ಆಸ್ತಿ.

ನಾವು ಹೋದದ್ದು ಸೆಪ್ಟೆಂಬರ್ ಮೊದಲ ವಾರ. ಶಾಲೆಗಳು ಶುರುವಾಗಿ ಜನಸಂದಣಿ ಇಳಿಯುವ ಹೊತ್ತು. ಚಳಿಯೂ ಇನ್ನೂ ಹೊರಬಿದ್ದಿರುವುದಿಲ್ಲ. ದಾರಿಯ ನಡುವಿನ ಊರು ವೇಡ್‌ಬ್ರಿಜ್‌ನಲ್ಲಿ ಎರಡು ರಾತ್ರಿ ಉಳಿದು ಒಂದು ದಿನ ಕಡಲ ಕಡೆಗೆ, ಮರುದಿನ ಕಾಡಿನ ಕಡೆಗೆ ಎಂದು ಲೆಕ್ಕ ಹಾಕಿದೆವು. ಬಾಡಿಗೆ ಸೈಕಲ್ ಅಂಗಡಿಯ ಹುಡುಗ ನನ್ನನ್ನು ಸೀಟಿನ ಪಕ್ಕ ನಿಲ್ಲಿಸಿ, ಸೀಟನ್ನು ಸೊಂಟದ ಮೂಳೆಯ ಮಟ್ಟಕ್ಕೆ ಏರಿಸಿದ. ನಾನು ಜೀವಮಾನವಿಡೀ ಎರಡು ಕಾಲೂ ಊರುವಷ್ಟು ತಗ್ಗಿಸಿಯೇ ತುಳಿದವನು. ಮೊದಲ ಹತ್ತು ನಿಮಿಷ ಅಟ್ಟದ ಮೇಲೆ ಕೂತ ಹಾಗಿತ್ತು. ಆಮೇಲೆ ಗೊತ್ತಾಯಿತು, ಇಷ್ಟು ವರ್ಷ ಮಂಡಿ ನೋಯಿಸಿದ್ದು ವಯಸ್ಸಲ್ಲ, ಸೀಟು. ಮಗಳ ಸೈಕಲ್ಲಿನ ಹಿಂದೆ ಚಿಕ್ಕ ಗಾಡಿ ಕಟ್ಟಿದರು. ಅದರಲ್ಲಿ ಮೊಮ್ಮಗಳು ಮಹಾರಾಣಿಯ ಹಾಗೆ ಕೂತು, ಐದು ನಿಮಿಷಕ್ಕೆ ನಿದ್ದೆ ಹೋದಳು.

ಕಡಲ ಕಡೆಗೆ ಹೊರಟದ್ದು ಊಟ ಮುಗಿಸಿ, ಮಧ್ಯಾಹ್ನ ಒಂದೂವರೆಗೆ. ಇದು ನನ್ನದೇ ತಪ್ಪು, ಕರಾವಳಿಯವನು ಮಾಡಬಾರದ ತಪ್ಪು. ಬಿಸಿಲಿನ ದಿನ ಬೆಳಿಗ್ಗೆ ಗಾಳಿ ಮಲಗಿರುತ್ತದೆ, ಮಧ್ಯಾಹ್ನ ಕಡಲಿನಿಂದ ಎದ್ದು ಬರುತ್ತದೆ ಎಂಬುದು ನಮ್ಮ ಗಂಗೊಳ್ಳಿಯ ಮಕ್ಕಳಿಗೂ ಗೊತ್ತು. ದಾರಿ ಮಟ್ಟಸವಾಗಿಯೇ ಇತ್ತು, ಆದರೆ ಗಾಳಿ ಎದೆಗೆ ಕೈ ಕೊಟ್ಟು ಹಿಂದಕ್ಕೆ ನೂಕುತ್ತಿತ್ತು. ಗಾಡಿ ಎಳೆಯುತ್ತಿದ್ದ ಮಗಳ ಪಾಡು ಕೇಳುವುದೇ ಬೇಡ. 9 ಕಿಲೋಮೀಟರಿಗೆ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಬರುವಾಗ ಅದೇ ಗಾಳಿ ಬೆನ್ನಿಗೆ ಬಂದು, ಮೂವತ್ತೈದು ನಿಮಿಷದಲ್ಲಿ ಮನೆ ಮುಟ್ಟಿಸಿತು. ಬೆಳಿಗ್ಗೆಯೇ ಪ್ಯಾಡ್‌ಸ್ಟೋಗೆ ಹೋಗಿ, ಅಲ್ಲೇ ಊಟ ಮಾಡಿ, ಮಧ್ಯಾಹ್ನ ಹಿಂದಿರುಗಿದ್ದರೆ ಎರಡೂ ಕಡೆ ಸುಖವಿತ್ತು.

ವೇಡ್‌ಬ್ರಿಜ್ ದಾಟಿದ ಸ್ವಲ್ಪ ದೂರಕ್ಕೆ ದೊಡ್ಡ ರಸ್ತೆಯ ಸೇತುವೆಯೊಂದು ಹೊಳೆಯ ಮೇಲೆ ಎತ್ತರದಲ್ಲಿ ಹಾದುಹೋಗುತ್ತದೆ. ನಮ್ಮ ದಾರಿ ಅದರ ಕೆಳಗೆ. ಲಾರಿಗಳ ಸದ್ದು ತಲೆಯ ಮೇಲಿನಿಂದ ಬಂದಾಗ, ನಿಜ ಹೇಳುತ್ತೇನೆ, ಅಭ್ಯಾಸಬಲದಿಂದ ಎಡಕ್ಕೆ ಸರಿದೆ. ಮಗಳು ನಕ್ಕಳು. ಅಲ್ಲಿಂದಾಚೆ ಅಳಿವೆ ಅಗಲವಾಗುತ್ತ ಹೋಗುತ್ತದೆ. ಇಳಿತದ ಹೊತ್ತು. ನೀರೆಲ್ಲ ನಡುವಿನ ಒಂದು ಕಾಲುವೆಗೆ ಕುಗ್ಗಿ, ಎರಡೂ ಬದಿಗೆ ಕೆಸರು, ಮರಳದಿಣ್ಣೆ. ಉದ್ದ ಬಾಗಿದ ಕೊಕ್ಕಿನ ಹಕ್ಕಿಗಳು ಕೆಸರಿಗೆ ಸೂಜಿ ಚುಚ್ಚಿ ತೆಗೆಯುತ್ತಿದ್ದವು. ಬೆಳ್ಳಕ್ಕಿಯೂ ಇತ್ತು, ಊರಿನವನನ್ನು ಕಂಡಷ್ಟು ಸಂತೋಷವಾಯಿತು.

ಆ ಮರಳನ್ನು ನೋಡುತ್ತ ನಿಂತಾಗ ಈ ದಾರಿಯ ಮೊದಲ ಕೆಲಸ ನೆನಪಾಯಿತು. 1834ರ ರೈಲು ಮುಖ್ಯವಾಗಿ ಹೊತ್ತದ್ದು ಜನರನ್ನಲ್ಲ, ಮರಳನ್ನು. ಚಿಪ್ಪು ಪುಡಿಯಾಗಿ ಬೆರೆತ ಕಡಲ ಮರಳಿನಲ್ಲಿ ಸುಣ್ಣದ ಅಂಶ ಹೆಚ್ಚು. ಒಳನಾಡಿನ ಹುಳಿಮಣ್ಣಿನ ಗದ್ದೆಗಳಿಗೆ ರೈತರು ಅದನ್ನು ಹಾಕುತ್ತಿದ್ದರು. ನಮ್ಮಲ್ಲಿ ಚಿಪ್ಪಿ ಸುಟ್ಟು ಸುಣ್ಣ ಮಾಡುತ್ತಿದ್ದವರಿಗೆ, ಗದ್ದೆಗೆ ಸುಣ್ಣ ಎರಚಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಳಿವೆಬಾಗಿಲಿನಲ್ಲಿ ಡೂಮ್ ಬಾರ್ ಎಂಬ ದೊಡ್ಡ ಮರಳದಿಣ್ಣೆ ಇದೆ. ಹಾಯಿಹಡಗುಗಳ ಕಾಲದಲ್ಲಿ ಎಷ್ಟೋ ಹಡಗುಗಳು ಅದಕ್ಕೆ ಬಡಿದು ಒಡೆದಿವೆ. ಗಂಗೊಳ್ಳಿಯ ಅಳಿವೆಯಲ್ಲಿ ದೋಣಿ ಮಗುಚಿದ ಸುದ್ದಿ ಕೇಳಿ ಬೆಳೆದ ನನಗೆ ಆ ಹೆಸರು ಕೇಳಿದಾಗ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಯಿತು.

ಪ್ಯಾಡ್‌ಸ್ಟೋ ಹತ್ತಿರವಾಗುವಾಗ ಒಂದು ಉಪನದಿಯ ಬಾಯಿಗೆ ಅಡ್ಡಲಾಗಿ ಕಬ್ಬಿಣದ ಹಳೆಯ ರೈಲ್ವೆ ಸೇತುವೆ ಸಿಗುತ್ತದೆ. ಗಾಳಿ ಅಲ್ಲಿ ಬಲ; ಇಳಿದು ತಳ್ಳಿಕೊಂಡು ಹೋದರೆ ಅವಮಾನವೇನೂ ಇಲ್ಲ. ಊರೊಳಗೆ ಸೈಕಲ್ ತುಳಿಯಲು ಜಾಗವೂ ಇರಲಿಲ್ಲ, ಅಷ್ಟು ಜನ. ಬಂದರಿನ ಕಟ್ಟೆಯ ಮೇಲೆ ಕೂತು ಚಪಾತಿ ಸುರುಳಿ ಬಿಚ್ಚಿದೆ. ಮೊದಲ ತುತ್ತು ಬಾಯಿಗೆ, ಉಳಿದದ್ದು ಕಡಲಕ್ಕಿಯ ಬಾಯಿಗೆ! ಭುಜದ ಹಿಂದಿನಿಂದ ಬಂದು ಕೈಯಿಂದಲೇ ಕಿತ್ತುಕೊಂಡು ಹೋಯಿತು. ಚಟ್ನಿಪುಡಿ ಖಾರವಾಗಿಯೇ ಇತ್ತು, ಅದೊಂದು ಸಮಾಧಾನ. ಮೊಮ್ಮಗಳಿಗೆ ಇಡೀ ಪ್ರವಾಸದಲ್ಲಿ ಹಿಡಿಸಿದ್ದು ಅದೊಂದೇ. "ಅಜ್ಜ, ಇನ್ನೊಂದು ಚಪಾತಿ ಹಿಡಿಯಿರಿ" ಎಂದು ಸಂಜೆಯವರೆಗೂ ಕೇಳುತ್ತಿದ್ದಳು.

ಮರುದಿನ ಅಳಿಯ ಮೊಮ್ಮಗಳನ್ನು ನೋಡಿಕೊಳ್ಳಲು ಉಳಿದರು. ನಾನು, ಮಗಳು ಇಬ್ಬರೇ ಬೆಳಿಗ್ಗೆ ಒಂಬತ್ತಕ್ಕೆ ಹೊರಟೆವು. ಒಂದೇ ಒಂದು ಕಾರೂ ಇಲ್ಲವೆಂದಿದ್ದಳಲ್ಲ, ಆ ಮಾತು ವೇಡ್‌ಬ್ರಿಜ್ ಊರೊಳಗೆ ಸುಳ್ಳಾಯಿತು: ಅಲ್ಲಿ ಸ್ವಲ್ಪ ದೂರ ಬೀದಿಯಲ್ಲೇ ಹೋಗಬೇಕು. ಆಮೇಲೆ ಮರಗಳು ಶುರು. ಓಕ್, ಹೇಜಲ್, ಹಾಲಿ, ಕೆಳಗೆ ಜರಿಗಿಡ, ಕಲ್ಲುಗೋಡೆಗಳಿಗೆಲ್ಲ ಪಾಚಿ. ಆಗುಂಬೆಯ ತಂಪು ಅಲ್ಲ ಅದು. ಸದ್ದು ಕಡಿಮೆ, ಜೀರುಂಡೆ ಇಲ್ಲ. ನಮ್ಮ ಚಕ್ರದ ಕೆಳಗೆ ಜಲ್ಲಿ ನುರಿಯುವ ಸದ್ದೇ ದೊಡ್ಡದು. ಬೊಸ್ಕಾರ್ನ್ ಎಂಬಲ್ಲಿ ಇದ್ದಕ್ಕಿದ್ದಂತೆ ಉಗಿ ಎಂಜಿನ್ನಿನ ಕೂಗು ಕೇಳಿತು. ಬೆಚ್ಚಿದೆ. ಬಾಡ್ಮಿನ್‌ನಿಂದ ಅಲ್ಲಿಯವರೆಗಿನ ಹಳಿಯನ್ನು ಆಸಕ್ತರು ಉಳಿಸಿಕೊಂಡು ಹಳೆಯ ಎಂಜಿನ್ ಓಡಿಸುತ್ತಾರೆ.

ದಾರಿಯುದ್ದಕ್ಕೂ ಬೇಲಿಯಲ್ಲಿ ಬ್ಲ್ಯಾಕ್‌ಬೆರಿ ಹಣ್ಣಾಗಿತ್ತು. ಕವಳಿ ಹಣ್ಣು ಕಂಡರೆ ಬಸ್ಸನ್ನೇ ನಿಲ್ಲಿಸುತ್ತಿದ್ದ ನಾನು ಬಗ್ಗಿ ಕೈ ಚಾಚಿದಾಗ ಮಗಳು ತಡೆದಳು. ಸೊಂಟಕ್ಕಿಂತ ಮೇಲಿನದನ್ನು ಮಾತ್ರ ಕೀಳಬೇಕಂತೆ, ಕೆಳಗಿನದು ನಾಯಿಗಳ ಸೊತ್ತು. ನಾಯಿಗಳ ಮಾತು ಬಂತಲ್ಲ: ಈ ದಾರಿಯಲ್ಲಿ ಭಯಪಡಬೇಕಾದದ್ದು ಅವಕ್ಕಲ್ಲ, ಅವುಗಳ ಎಳೆದುಕೊಳ್ಳುವ ಹಗ್ಗಕ್ಕೆ. ಯಜಮಾನ ಒಂದು ಬದಿಯಲ್ಲಿ, ನಾಯಿ ಇನ್ನೊಂದು ಬದಿಯಲ್ಲಿ, ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ದಾರ. ದೂರದಿಂದಲೇ ಗಂಟೆ ಬಾರಿಸಿ, ವೇಗ ಇಳಿಸಿ.

ಡನ್‌ಮಿಯರ್ ದಾಟಿದ ಮೇಲೆ ದಾರಿ ತುಸುತುಸುವೇ ಏರುತ್ತದೆ. ಕಣ್ಣಿಗೆ ತಿಳಿಯುವುದಿಲ್ಲ, ತೊಡೆಗೆ ತಿಳಿಯುತ್ತದೆ. ಅಲ್ಲೇ ನನ್ನ ಮುಂದಿನ ಚಕ್ರ ಪಂಕ್ಚರ್ ಆಯಿತು. ಮೊಬೈಲಿಗೆ ಸಿಗ್ನಲ್ ಇಲ್ಲ. ಅಂಗಡಿಯವನು ಕೊಟ್ಟಿದ್ದ ಪುಟ್ಟ ಚೀಲದಲ್ಲಿ ಎರಡು ಪ್ಲಾಸ್ಟಿಕ್ ಮೀಟುಗೋಲು, ಉಪ್ಪುಕಾಗದದ ತುಂಡು, ಅಂಟು ಹಚ್ಚಿಯೇ ಬಂದಿರುವ ಪ್ಯಾಚುಗಳು. ಮಗಳು ಮುಖ ಸಣ್ಣದು ಮಾಡಿದಳು. ನನಗೆ ಒಳಗೊಳಗೇ ಖುಷಿ. ಮೊದಲ ಪೋಸ್ಟಿಂಗಿನ ಹಳ್ಳಿ ಶಾಖೆಗೆ ನಾಲ್ಕು ವರ್ಷ ಅಟ್ಲಾಸ್ ಸೈಕಲ್ ತುಳಿದವನು ನಾನು.

ಟ್ಯೂಬು ಬಿಚ್ಚಿ ಗಾಳಿ ತುಂಬಿದೆ. ತೂತು ಕಾಣಲಿಲ್ಲ, ಸದ್ದೂ ಇಲ್ಲ. ಊರಿನ ಅಂಗಡಿಯಲ್ಲಾದರೆ ತುಕ್ಕು ಹಿಡಿದ ಬಾಂಡ್ಲೆಯಲ್ಲಿ ನೀರು ಇರುತ್ತದೆ. ಇಲ್ಲಿ ಹತ್ತು ಹೆಜ್ಜೆ ಕೆಳಗೆ ಕ್ಯಾಮೆಲ್ ಹೊಳೆಯೇ ಇತ್ತು. ಕಲ್ಲಿನ ಮೇಲೆ ಕೂತು, ಚಹಾದ ಬಣ್ಣದ ಆ ತಣ್ಣನೆ ನೀರಿನಲ್ಲಿ ಟ್ಯೂಬನ್ನು ಗೇಣುಗೇಣಾಗಿ ಮುಳುಗಿಸುತ್ತ ಬಂದೆ. ಮೂರನೆಯ ಗೇಣಿಗೆ ಸಾಸಿವೆಯಷ್ಟು ಸಣ್ಣ ಗುಳ್ಳೆಗಳ ಸಾಲು ಎದ್ದಿತು. ಬೆರಳು ಅಲ್ಲೇ ಒತ್ತಿ ಹಿಡಿದು ಮೇಲೆ ಬಂದೆ. ಅವಸರಪಟ್ಟು ಹಚ್ಚಿದ ಮೊದಲ ಪ್ಯಾಚು ಒದ್ದೆ ರಬ್ಬರಿಗೆ ಹಿಡಿಯದೆ ಎದ್ದು ಬಂತು. ಕೊರಳಿಗೆ ಸುತ್ತಿದ್ದ ಬೈರಾಸಿನಿಂದ ಚೆನ್ನಾಗಿ ಒರೆಸಿ, ಬಾಯಿಂದ ಊದಿ ಒಣಗಿಸಿ, ಉಪ್ಪುಕಾಗದದಿಂದ ಉಜ್ಜಿ ಎರಡನೆಯದನ್ನು ಹಚ್ಚಿ ಹೆಬ್ಬೆರಳಿನಿಂದ ಒತ್ತಿ ನೂರರವರೆಗೆ ಎಣಿಸಿದೆ. ಟ್ಯೂಬು ಒಳಗೆ ಸೇರಿಸುವ ಮುಂಚೆ ಟೈರಿನ ಒಳಮೈಯಲ್ಲಿ ಬೆರಳಾಡಿಸುವುದನ್ನು ಮರೆಯಬಾರದು. ಮುಳ್ಳು ಅಲ್ಲೇ ಇತ್ತು, ಬೇಲಿ ಸವರಿದಾಗ ಉದುರಿದ್ದು, ಅಕ್ಕಿಕಾಳಿನ ಅರ್ಧದಷ್ಟು. ತೆಗೆಯದಿದ್ದರೆ ಅರ್ಧ ಮೈಲಿಯಲ್ಲಿ ಮತ್ತೆ ಹೊಳೆಗೆ ಇಳಿಯಬೇಕಾಗುತ್ತಿತ್ತು.

ದಾರಿಯ ಕೊನೆಗೆ ಬರುತ್ತಿದ್ದ ಹಾಗೆ, ಪಕ್ಕದಲ್ಲೇ ಬಿಳಿಜೇಡಿ ಒಣಗಿಸುತ್ತಿದ್ದ ಹಳೆಯ ಕಾರ್ಖಾನೆಯ ಪಾಳು ಗೋಡೆಗಳು ಗಿಡಬಳ್ಳಿಗಳಲ್ಲಿ ಮುಳುಗಿವೆ. ಗುಡ್ಡದ ಮೇಲಿನ ಗಣಿಯಿಂದ ಜೇಡಿಯನ್ನು ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಇಳಿಸಿ, ಇಲ್ಲಿ ಒಣಗಿಸಿ ರೈಲಿಗೆ ತುಂಬುತ್ತಿದ್ದರು. ಈ ತುದಿಗೆ ಸರಕಿನ ರೈಲು 1983ರವರೆಗೂ ಬರುತ್ತಿತ್ತು. ವೆನ್‌ಫರ್ಡ್‌ಬ್ರಿಜ್‌ನಲ್ಲಿ ದಾರಿ ಸುಮ್ಮನೆ ಮುಗಿದುಹೋಗುತ್ತದೆ. ಪ್ಯಾಡ್‌ಸ್ಟೋದಂಥ ಬಂದರಿಲ್ಲ, ಜಾತ್ರೆಯಿಲ್ಲ. ನನಗೆ ಆ ತುದಿಯೇ ಹಿಡಿಸಿತು. ತಿರುಗಿ ಹೊರಟರೆ, ಬರುವಾಗ ತೊಡೆ ಹಿಡಿದ ಏರೆಲ್ಲ ಈಗ ಇಳಿಜಾರು. ಎಷ್ಟೋ ದೂರ ಪೆಡಲ್ ಮುಟ್ಟಿದರೆ ಸಾಕಾಗಿತ್ತು. ಒಂದೇ ದಿನದಲ್ಲಿ ಪೂರ್ತಿ ಮಾಡುವ ಆಸೆಯಿದ್ದವರು ಸೈಕಲ್ಲನ್ನು ಕಾರಿನಲ್ಲಿ ಈ ತುದಿಗೆ ತಂದು ಬೆಳಿಗ್ಗೆ ಬೇಗ, ಕಡಲಗಾಳಿ ಏಳುವ ಮುಂಚೆ, ಕೆಳಕ್ಕೆ ಹೊರಡುವುದು ಜಾಣತನ. ಕಾಡಿನಲ್ಲಿ ದೀಪವಿಲ್ಲ, ಸಂಜೆಯ ಮೇಲೆ ನೆಚ್ಚಬೇಡಿ.

ಸೈಕಲ್ ಹಿಂದಿರುಗಿಸುವಾಗ ಪಂಕ್ಚರಿನ ಸಂಗತಿ ಹೇಳಿದೆ. ಅಂಗಡಿಯ ಹುಡುಗ ಮಾತಾಡದೆ ಮುಂದಿನ ಟೈರನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿದ, ಚಕ್ರ ತಿರುಗಿಸಿ ಇನ್ನೊಂದು ಕಡೆ ಒತ್ತಿದ. ಆಮೇಲೆ ಸೈಕಲ್ಲನ್ನು ರಿಪೇರಿಯ ಮೂಲೆಗೆ ಹಾಕದೆ, ಬಾಡಿಗೆಗೆ ಸಿದ್ಧವಾಗಿದ್ದ ಸಾಲಿಗೇ ಒಯ್ದು ನಿಲ್ಲಿಸಿದ.